ಗುಲಾಬಿ ಬಣ್ಣದ ನೆಲಮಾಳಿಗೆ

ಬಣ್ಣ ಒಣಗಲಿಲ್ಲ. ಆದದ್ದು ಅಷ್ಟೇ. ಮಿಕ್ಕ ರಗಳೆಯೆಲ್ಲ ಅದರ ಬಾಲ ಹಿಡಿದುಕೊಂಡು ಬಂದದ್ದು.

ಮೂರು ದಿನದಿಂದ ಆಕಾಶ ಒದ್ದೆ ಕಂಬಳಿಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಮಳೆ ಸುರಿದು ಮುಗಿಸುವುದೂ ಇಲ್ಲ, ಬಿಸಿಲಿಗೆ ಜಾಗ ಬಿಡುವುದೂ ಇಲ್ಲ. ಮೇಸ್ತ್ರಿ ಶನಿವಾರ ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಊಟದ ಮೇಜಿನ ಹತ್ತಿರ ಹೋಗಿ ಅದರ ಮೇಲೆ ನಿಂತಿದ್ದ ಒಂದು ಗೋಡೆಯನ್ನು ಕಿರುಬೆರಳಿನಿಂದ ಮುಟ್ಟಿದ. ಬೆರಳು ಕಪ್ಪಾಯಿತು. ಪಕ್ಕದ ಗೋಡೆಯನ್ನು ಉಂಗುರದ ಬೆರಳಿನಿಂದ ಮುಟ್ಟಿದ. ಅದೂ ಕಪ್ಪಾಯಿತು. ಹೆಬ್ಬೆರಳಿನ ತನಕ ಪರೀಕ್ಷೆ ಮಾಡಿ, ಐದೂ ಬೆರಳು ಮಸಿಯಾದ ಮೇಲೆ, ಕುರ್ಚಿಯ ಮೇಲೆ ಕುಸಿದು ಕುಳಿತ.

ಮೇಸ್ತ್ರಿ ಎಂಬುದು ಅಡ್ಡಹೆಸರು. ನಿಜವಾದ ಮನೆಯ ಗೋಡೆಗೆ ಆತ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆದವನಲ್ಲ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕುಳಿತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾನೆ. ಆತನ ಕಟ್ಟಡದ ಕೆಲಸವೆಲ್ಲ ಥರ್ಮೋಕೋಲಿನಲ್ಲಿ.

ಪ್ರತಿ ಶನಿವಾರ ಸಂಜೆ ಆರಕ್ಕೆ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಆಟ ನಡೆಯುತ್ತದೆ. ಮೇಜಿನ ಮೇಲೆ ಒಂದು ಪಾಳು ನೆಲಮಾಳಿಗೆ ಹರಡಿರುತ್ತದೆ. ಹೆಬ್ಬೆರಳಿನಷ್ಟುದ್ದದ ಬೊಂಬೆವೀರರನ್ನು ಹಿಡಿದುಕೊಂಡು ಮೂವರು ಆಟಗಾರರು ಅದರೊಳಗೆ ಇಳಿಯುತ್ತಾರೆ. ಅಂಗಡಿಯ ಮಾಲೀಕ, ಎಲ್ಲರ ಬಾಯಲ್ಲಿ ದೊರೆ, ಒಂದು ರಟ್ಟಿನ ಮರೆಯ ಹಿಂದೆ ಕುಳಿತು ಕತೆ ನಡೆಸುತ್ತಾನೆ. ಯಾವ ಕಲ್ಲಿನ ಹಿಂದೆ ಬಾಗಿಲಿದೆ, ಯಾವ ಚಪ್ಪಡಿಯ ಕೆಳಗೆ ಗುಂಡಿಯಿದೆ ಎಂಬುದು ದೊರೆಗೆ ಗೊತ್ತು. ಕಟ್ಟಿದ ಮೇಸ್ತ್ರಿಗೂ ಗೊತ್ತು. ಅಲ್ಲೇ ಇದ್ದದ್ದು ತೊಂದರೆ. ಆ ಕೋಣೆಯಲ್ಲಿ ಎರಡು ನಿಯಮಗಳು ಕಬ್ಬಿಣದಷ್ಟು ಗಟ್ಟಿ. ಒಳಗೆ ಇಳಿಯುವವರು ಮೂವರೇ. ಗುಟ್ಟು ತಿಳಿದವನು ಆಡುವಂತಿಲ್ಲ.

ಹೀಗಾಗಿ ಒಂಬತ್ತು ವರ್ಷದಿಂದ ಮೇಸ್ತ್ರಿ ನೆಲಮಾಳಿಗೆ ಕಟ್ಟಿದ್ದಾನೆ, ಬಣ್ಣ ಹಚ್ಚಿದ್ದಾನೆ, ಹೊತ್ತು ತಂದಿದ್ದಾನೆ. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ಎಲ್ಲರಿಗೂ ಚಹಾ ಕಾಯಿಸಿದ್ದಾನೆ. ತಾನೇ ತೋಡಿದ ಗುಂಡಿಯ ಕಡೆಗೆ ಬೇರೆಯವರು ನಗುನಗುತ್ತಾ ನಡೆದು ಹೋಗುವುದನ್ನು ನೋಡಿ ಹುಬ್ಬು ಕೂಡ ಏರಿಸದೆ ಕುಳಿತಿದ್ದಾನೆ. ಒಮ್ಮೆ ಗಂಟಲು ಕೆರೆದು ಕೆಮ್ಮಿದ್ದಕ್ಕೆ ದೊರೆ ಆಟವನ್ನೇ ನಿಲ್ಲಿಸಿ, "ಮೇಸ್ತ್ರಿ, ಸುಳಿವು ಕೊಡ್ತಿದೀಯಾ?" ಎಂದು ಗದರಿದ್ದ. ಅಂದಿನಿಂದ ಆತ ಅಲ್ಲಿ ಕೆಮ್ಮನ್ನೂ ನುಂಗಿಕೊಳ್ಳುತ್ತಾನೆ.

ಎರಡು ವಾರದ ಕೆಳಗೆ ಆಟಗಾರರಲ್ಲೊಬ್ಬನಾದ ಪಶುವೈದ್ಯನಿಗೆ ವರ್ಗವಾಯಿತು. ಕುರ್ಚಿ ಖಾಲಿ. ಮೇಸ್ತ್ರಿ ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಕೊನೆಗೆ ದೊರೆಯನ್ನು ಕೇಳಿಯೇಬಿಟ್ಟ. ದೊರೆ ಬಹಳ ಹೊತ್ತು ಯೋಚಿಸಿ ಹೇಳಿದ್ದು ಇಷ್ಟು: "ಇದೊಂದು ಕಟ್ಟಿಕೊಡು. ಇದು ನಿನ್ನ ಕೊನೇದು. ಇಲ್ಲೀವರೆಗೆ ಮಾಡಿದ್ದನ್ನೆಲ್ಲ ಮೀರಿಸ್ಬೇಕು. ಹಾಗಾದ್ರೆ ಮುಂದೆ ನಾವು ಕಾಗದದ ಮೇಲೆ ಗೆರೆ ಎಳ್ಕೊಂಡಾದ್ರೂ ಆಡ್ತೀವಿ, ಆ ಕುರ್ಚಿ ನಿಂದು. ಶನಿವಾರ ಆರಕ್ಕೆ ತರ್ಲಿಲ್ವೋ, ಇಲ್ಲ ಕೆಟ್ಟು ಕೂತಿತೋ, ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಮೇಸ್ತ್ರಿ ಪ್ರಾಣ ಹಿಂಡಿಕೊಂಡು ಕಟ್ಟಿದ. ಇಪ್ಪತ್ತೆರಡು ತುಂಡುಗಳು, ಬೇಕಾದ ಹಾಗೆ ಜೋಡಿಸಿ ಬಿಡಿಸುವಂಥವು. ಖಾಲಿಯಾದ ಪೆನ್ನಿನ ಮೊನೆಯಿಂದ ಥರ್ಮೋಕೋಲಿನ ಮೇಲೆ ಕಲ್ಲು ಕಲ್ಲಾಗಿ ಗೀರಿದ. ಅಂಟು ಕಲಸಿದ ಕಪ್ಪು ಬಳಿದ. ಕುಂಚವನ್ನು ಬೂದು ಬಣ್ಣದಲ್ಲಿ ಅದ್ದಿ, ಹಳೆಯ ಬನಿಯನ್ನಿಗೆ ಒರೆಸಿ ಒರೆಸಿ ಇನ್ನೇನು ಬಣ್ಣ ಉಳಿದಿಲ್ಲ ಎನ್ನುವಾಗ ಕಲ್ಲುಗಳ ಅಂಚಿಗೆ ಮಾತ್ರ ಸೋಕಿಸಿದ. ಮರದ ಹೊಟ್ಟಿಗೆ ಹಸಿರು ಹಾಕಿ ಪಾಚಿ ಮಾಡಿ, ಚಿಮಟದಲ್ಲಿ ಹಿಡಿದು ಸಂದುಸಂದಿಗೂ ಅಂಟಿಸಿದ. ಪಾಚಿಯೊಂದಕ್ಕೇ ಮೂರು ಸಂಜೆ ಹಿಡಿಯಿತು. ನಿನ್ನೆ ಕೊನೆಯ ಕೈ, ಕೊಳೆನೀರಿನಂಥ ತೆಳು ಕಪ್ಪು, ಎಲ್ಲದರ ಮೇಲೂ ಹರಿಸಿದ್ದ. ಅದೇ ಈಗ ಒಣಗದೆ ಕುಳಿತದ್ದು.

"ಸಂಜೆ ನಾನು ಬರೋ ಹೊತ್ತಿಗೆ ಮೇಜು ಕಾಣಿಸ್ಬೇಕು," ಎಂದು ಹೇಳಿ ಹೆಂಡತಿ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಹೊರಟುಹೋದಳು. ಮೇಸ್ತ್ರಿ ಅಂಗಡಿಯ ಯಜಮಾನರಿಗೆ ಫೋನ್ ಮಾಡಿ, ನರಳುವ ದನಿಯಲ್ಲಿ, ಹಲ್ಲುನೋವು, ಇವತ್ತು ಬರಲಾರೆ ಎಂದ. "ಅಯ್ಯೋ ಪಾಪ, ನೋಡ್ಕೊಳ್ಳಿ," ಎಂದರು ಯಜಮಾನರು. ಅಷ್ಟು ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಮೇಸ್ತ್ರಿಗೆ ಸಂಕಟವಾಯಿತು. ಆದರೂ ಇಪ್ಪತ್ತೆರಡು ತುಂಡುಗಳನ್ನೂ ಒಂದೊಂದಾಗಿ ಎತ್ತಿ, ಮನೆಯ ಹೊರಗೆ ಮೆಟ್ಟಿಲ ಬಳಿಯ ಪಡಸಾಲೆಯಲ್ಲಿ ಪತ್ರಿಕೆ ಹಾಸಿ ಇಟ್ಟ. ಅಲ್ಲೊಂದು ಕಿಟಕಿಯಿತ್ತು, ಸ್ವಲ್ಪ ಗಾಳಿಯಾಡುತ್ತಿತ್ತು. ಆ ಗಾಳಿಯ ಆಸೆಯೇ ಆತನಿಗೆ ಮುಳುವಾದದ್ದು.

ಎದುರು ಮನೆಯಲ್ಲಿ ನಿವೃತ್ತ ಓವರ್‌ಸಿಯರ್ ಇದ್ದರು. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳಿಗೆ ಪಾಸು ಫೇಲು ಮಾಡಿದವರು. ಈಗ ಮಾಡಲು ಏನೂ ಇಲ್ಲದೆ ದಿನಾ ಬೆಳಿಗ್ಗೆ ಪಡಸಾಲೆಯ ಉದ್ದಕ್ಕೂ ನಡೆದು ಸುಣ್ಣದ ಬಿರುಕುಗಳನ್ನು ನೋಡಿ ತೃಪ್ತಿಪಟ್ಟುಕೊಳ್ಳುತ್ತಿದ್ದರು. ಅವರು ನೆಲಮಾಳಿಗೆಯ ಮುಂದೆ ಬಂದು ನಿಂತರು.

"ಏನ್ರೀ ಇದು?"

"ನೆಲಮಾಳಿಗೆ ಸಾರ್."

"ಯಾರ್ದು?"

"ಯಾರ್ದೂ ಅಲ್ಲ. ಭೂತಗಳದು. ಒಂದು ಆಟಕ್ಕೆ."

"ಭೂತಗಳದ್ದಾದ್ರೇನು, ನೀರು ಎಲ್ಲಿಗೆ ಹೋಗುತ್ತೆ?"

ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಓವರ್‌ಸಿಯರ್ ಮಂಡಿಯೂರಿ ಕುಳಿತು ಒಂದು ಕಣ್ಣು ಮುಚ್ಚಿ ನೋಡಿದರು.

"ಚರಂಡಿ ಇಲ್ಲ. ಗಾಳಿ ಕಿಂಡಿ ಇಲ್ಲ. ಈ ಗೋಡೆ ನೋಡಿ, ಕುಡಿದವನ ಹಾಗೆ ವಾಲಿದೆ."

"ಹಳೇದು ಅಂತ ಕಾಣ್ಲಿ ಅಂತ ಬೇಕಂತಲೇ ಹಾಗೆ ಮಾಡಿದೀನಿ ಸಾರ್."

"ಎಲ್ಲಾ ಕಂಟ್ರಾಕ್ಟರುಗಳೂ ಇದನ್ನೇ ಹೇಳೋದು," ಎಂದರು ಓವರ್‌ಸಿಯರ್, ವಿಷಾದದಿಂದ ತಲೆಯಾಡಿಸುತ್ತಾ. ಆದರೆ ಅವರ ಕಣ್ಣಿನಲ್ಲಿ ಬಹಳ ದಿನದಿಂದ ಕಾಣದ ಹೊಳಪಿತ್ತು. ವಾಲಿದ್ದನ್ನು ಅಳೆಯಲು ರಸಮಟ್ಟ ತರುತ್ತೇನೆ ಎಂದು ಮನೆಯೊಳಗೆ ಹೋದರು.

ತುಂಡುಗಳನ್ನು ಒಳಗೆ ಸಾಗಿಸಿಬಿಡೋಣ ಎಂದು ಮೇಸ್ತ್ರಿ ಬಗ್ಗುವಷ್ಟರಲ್ಲಿ ಮೇಲಿನ ಮಹಡಿಯಿಂದ ಹಲ್ಲಿನ ಡಾಕ್ಟರಮ್ಮ ಇಳಿದು ಬಂದರು. ಅವರ ಮನೆಯೂ ಅಲ್ಲೇ, ದವಾಖಾನೆಯೂ ಅಲ್ಲೇ. ಕೈಯಲ್ಲಿ ಟಾರ್ಚಿತ್ತು.

"ನಿಮ್ಮ ಯಜಮಾನರು ಫೋನ್ ಮಾಡಿದ್ರು. ಆತ ಸಂಕೋಚದ ಪ್ರಾಣಿ, ಸತ್ತರೂ ತಾನಾಗಿ ಬರಲ್ಲ, ನೀವೇ ನೋಡಿ ಅಂದ್ರು. ಬಾಯಿ ತೆಗೀರಿ."

"ಈಗ ಕಡಿಮೆ ಆಗಿದೆ ಡಾಕ್ಟ್ರೇ."

"ಅದೇ ಅಪಾಯ. ತೆಗೀರಿ."

ನೋವಿಲ್ಲ ಎಂದರೆ ಸುಳ್ಳು ಯಜಮಾನರ ಕಿವಿಗೆ ಹೋಗುತ್ತದೆ. ಮೇಸ್ತ್ರಿ ಬಾಯಿ ತೆರೆದು, ಕೈಗೆ ಸಿಕ್ಕ ಒಂದು ಹಲ್ಲನ್ನು ತೋರಿಸಿದ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ ಸಣ್ಣಗೆ ಶಿಳ್ಳೆ ಹಾಕಿದರು.

"ಇದಲ್ಲ, ಇದರ ಹಿಂದಿಂದು. ಇಷ್ಟು ಹುಳುಕಾಗಿರೋ ಹಲ್ಲನ್ನ ಇಟ್ಕೊಂಡು ನಗ್ತಾ ನಿಂತಿದೀರಲ್ಲ, ನೀವು ಮನುಷ್ಯರಾ? ನಡೀರಿ ಮೇಲಕ್ಕೆ. ಇವತ್ತು ಯಾರೂ ಬಂದಿಲ್ಲ, ಕೈ ಖಾಲಿ."

ಕೈದಿಯ ಹಾಗೆ ಮೆಟ್ಟಿಲು ಹತ್ತುವ ಮುನ್ನ ಮೇಸ್ತ್ರಿ ಮನೆಯೊಳಗೆ ಇಣುಕಿ, ಕಿಟಕಿಯ ಬಳಿ ಕುಳಿತಿದ್ದ ಅತ್ತೆಗೆ ಹೇಳಿದ: "ಅತ್ತೆ, ಹೊರಗಿರೋದನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ." ಅತ್ತೆ ಎರಡು ತಿಂಗಳ ಹಿಂದೆ ಮಂಡಿನೋವು ಹೊತ್ತುಕೊಂಡು ಮಗಳ ಮನೆಗೆ ಬಂದವರು. ಮೂರನೆಯ ಮಹಡಿ ಹತ್ತಿದ್ದೇ ಕೊನೆ, ಆಮೇಲೆ ಇಳಿದಿರಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಯಾರೋ ಅವರಿಗೊಂದು ಕೆಲಸ ಹೇಳಿದ್ದರು. ಅವರು ಸೆರಗು ಸಿಕ್ಕಿಸಿಕೊಂಡು ಎದ್ದರು.

ಹಲ್ಲು ಕೀಳಲು ಮಧ್ಯಾಹ್ನ ಎರಡರ ತನಕ ಹಿಡಿಯಿತು. ಬೇರು ಮೂರು ಕವಲಾಗಿತ್ತಂತೆ. ಹೇಳಿದ ಸುಳ್ಳಿಗೆ ಮೈಯಿಂದಲೇ ಒಂದು ಹಲ್ಲು ತೆತ್ತು, ಅರ್ಧ ಮುಖ ಮರಗಟ್ಟಿ, ಬಾಯಿ ತುಂಬಾ ಹತ್ತಿ ತುರುಕಿಸಿಕೊಂಡು ಮೇಸ್ತ್ರಿ ಗೋಡೆ ಹಿಡಿದು ಕೆಳಗಿಳಿದ. ಪಡಸಾಲೆ ಕಂಡದ್ದೇ ತಡ, ಕೊನೆಯ ಮೆಟ್ಟಿಲ ಮೇಲೇ ನಿಂತುಬಿಟ್ಟ.

ನೆಲಮಾಳಿಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಬಂದ್ರಾ ಅಳಿಯಂದಿರೇ," ಎಂದರು ಅತ್ತೆ, ಹಣೆಯ ಬೆವರು ಒರೆಸಿಕೊಳ್ಳುತ್ತಾ. "ಎಂಥಾ ಪಾಚಿ ಕಟ್ಟಿತ್ತು ಗೊತ್ತಾ! ಸಂದಿಗೊಂದಿನೂ ಬಿಟ್ಟಿರಲಿಲ್ಲ. ಹಲ್ಲುಜ್ಜೋ ಬ್ರಶ್ಶು ತಗೊಂಡು ಉಜ್ಜಿ ಉಜ್ಜಿ ಕೈ ಬಿದ್ದುಹೋಯ್ತು. ಉಜ್ಜಿದ ಮೇಲೆ ಬೋಳುಬೋಳಾಗಿ ಕಾಣ್ತಿತ್ತು. ಸ್ನಾನದ ಮನೆಗೆ ಹಚ್ಚಿ ಮಿಕ್ಕಿದ ಬಣ್ಣ ಇತ್ತಲ್ಲ, ಎರಡು ಕೈ ಹೊಡೆದುಬಿಟ್ಟೆ. ಈಗ ನೋಡಿ, ಮನುಷ್ಯರು ಇರೋ ಹಾಗಿದೆ."

ಮೇಸ್ತ್ರಿ ಬಾಯಿ ತೆರೆದ. ಹತ್ತಿಯ ಹಿಂದಿನಿಂದ ಬಂದ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ.

"ಮಾತಾಡ್ಬೇಡಿ, ರಕ್ತ ಬರುತ್ತೆ," ಎಂದು ಡಾಕ್ಟರಮ್ಮ ಹಿಂದಿನಿಂದ ಎಚ್ಚರಿಸಿದರು.

ಅಷ್ಟಕ್ಕೇ ಮುಗಿದಿರಲಿಲ್ಲ. ಒಂದು ತುಂಡನ್ನು ಎತ್ತಲು ಹೋದರೆ ಅದು ಬರಲಿಲ್ಲ. ಪಕ್ಕದ್ದೂ ಬರಲಿಲ್ಲ. ಓವರ್‌ಸಿಯರ್ ತಮ್ಮ ಮನೆಯ ಹಳೆಯ ಬೀರುವಿನ ಬಾಗಿಲನ್ನು ಕೆಳಗೆ ಕೊಟ್ಟು, ನೆಲದ ಹಂಚು ಕೂರಿಸುವ ಅಂಟಿನಿಂದ ಇಪ್ಪತ್ತೆರಡನ್ನೂ ಒಂದೇ ಚಪ್ಪಡಿಯಾಗಿ ಕೂಡಿಸಿದ್ದರು. ಕೂಡಿಸಿದ್ದೂ ತಮಗೆ ಸರಿಕಂಡ ಹಾಗೆ. ಹೆಬ್ಬಾಗಿಲು ಹಿಂದಕ್ಕೆ ಹೋಗಿತ್ತು, ಮೆಟ್ಟಿಲು ಎಡಕ್ಕೆ ಬಂದಿತ್ತು. ನಡುವೆ ಉದ್ದಕ್ಕೂ ಒಂದು ಚರಂಡಿ ಕೊರೆದಿದ್ದರು.

"ಅಲ್ಲಾಡೋ ಕಟ್ಟಡಾನ ನಾನು ಇದುವರೆಗೂ ಪಾಸು ಮಾಡಿಲ್ಲ," ಎಂದರು ಅವರು. "ಈಗ ಭೂಕಂಪ ಬಂದ್ರೂ ಜಗ್ಗಲ್ಲ. ಚರಂಡೀಗೆ ಅಲ್ಲಲ್ಲಿ ಮುಚ್ಚಳ ಹಾಕಿದೀನಿ. ಎಲ್ಲಿ ಗಟ್ಟಿ ಇದೆ, ಎಲ್ಲಿ ಕಾಲಿಟ್ರೆ ಒಳಗೆ ಹೋಗುತ್ತೆ ಅನ್ನೋದು ನನಗೆ ಮಾತ್ರ ಗೊತ್ತು."

ಮೇಸ್ತ್ರಿಯ ಕಣ್ಣಿನಲ್ಲಿ ನೀರು ತುಂಬಿತು. "ಇಂಜೆಕ್ಷನ್ ಇಳೀತಿದೆ, ಅದಕ್ಕೇ ನೋವು," ಎಂದು ಡಾಕ್ಟರಮ್ಮ ಭುಜ ತಟ್ಟಿದರು. ಆಮೇಲೆ ಅವರ ದೃಷ್ಟಿ ನೆಲಮಾಳಿಗೆಯ ಮೇಲೆ ಬಿತ್ತು. ಹೆಬ್ಬಾಗಿಲು ಬಹಳ ಸಪ್ಪೆಯಾಗಿದೆ ಎಂದರು. ಮೇಲೆ ಹೋಗಿ, ಯಾರದೋ ದವಡೆಯ ಅಚ್ಚು ತೆಗೆದಿದ್ದ ಪ್ಲಾಸ್ಟರಿನ ಹಲ್ಲುಸಾಲು ತಂದು ಬಾಗಿಲಿಗೆ ಮೇಲೊಂದು ಕೆಳಗೊಂದು ಕೂರಿಸಿದರು. ಹಲ್ಲು ಬಿಗಿಯುವ ತಂತಿಯಿಂದ ಎಂಥದೋ ಸ್ಪ್ರಿಂಗು ಮಾಡಿದರು. ಬೆರಳಿಟ್ಟರೆ ಬಾಗಿಲು ಗಬಕ್ಕನೆ ಕಚ್ಚುತ್ತಿತ್ತು.

"ಇದು ನನ್ನ ದವಡೆ ಅಲ್ವಾ?" ಎಂದು ಓವರ್‌ಸಿಯರ್ ಬಗ್ಗಿ ನೋಡಿದರು.

"ನಿಮ್ಮದೇ. ಹೋದ ವರ್ಷದ್ದು."

"ಒಳ್ಳೇ ಗಟ್ಟಿಮುಟ್ಟಾಗಿದೆ," ಎಂದರು ಅವರು, ಹೆಮ್ಮೆಯಿಂದ.

ಗಡಿಯಾರ ನಾಲ್ಕು ಹೊಡೆಯಿತು. ಹತಾಶನಾದವನು ತನಗೆ ಚೆನ್ನಾಗಿ ಗೊತ್ತಿರುವ ತಪ್ಪನ್ನೇ ಮಾಡುತ್ತಾನೆ. ಮೇಸ್ತ್ರಿ ಒಳಗೆ ಓಡಿ, ಬೇಗ ಒಣಗುವ ಕಪ್ಪು ಸ್ಪ್ರೇ ಡಬ್ಬಿ ತಂದ. ಹೇಗಾದರೂ ಮಾಡಿ ಆ ಗುಲಾಬಿಯನ್ನು ಮುಚ್ಚಬೇಕಿತ್ತು. ಸ್ಪ್ರೇ ತಗಲಿದರೆ ಥರ್ಮೋಕೋಲು ಕರಗುತ್ತದೆ ಎಂಬುದು ಈ ಕೆಲಸಕ್ಕೆ ಕೈಹಾಕಿದ ಮೊದಲ ದಿನವೇ ಕಲಿಯುವ ಪಾಠ. ಮೂಲೆಯ ಕೋಣೆಯ ಮೇಲೆ ಒಮ್ಮೆ ಒತ್ತಿದ್ದಷ್ಟೇ, ಗೋಡೆಗಳು ಬಿಸಿಗೆ ಬಿದ್ದ ಬೆಣ್ಣೆಯ ಹಾಗೆ ಕುಸಿದವು. ಮೂರು ಕೋಣೆ ಸೇರಿ ಒಂದು ಹೊಂಡವಾಯಿತು.

"ಕುಸಿತ!" ಎಂದು ಓವರ್‌ಸಿಯರ್ ಆನಂದದಿಂದ ಕೂಗಿ, ಬೆಂಕಿಕಡ್ಡಿಗಳ ಆಸರೆ ಕೊಡಲು ಧಾವಿಸಿದರು.

ಮೇಸ್ತ್ರಿ ಡಬ್ಬಿ ಕೆಳಗಿಟ್ಟು ನೆಲದ ಮೇಲೆ ಕುಳಿತುಬಿಟ್ಟ. ಅತ್ತೆ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು. ದನಿ ತಗ್ಗಿಸಿ ಹೇಳಿದರು: "ಇನ್ನೊಂದು ಕೆಲಸ ಮಾಡಿದೀನಿ, ಬಯ್ಯಬೇಡಿ. ಒಳಗೆ ಸಿಕ್ಕಿಹಾಕ್ಕೊಂಡವರು ಹೊರಗೆ ಬರೋಕೆ ದಾರೀನೇ ಇರಲಿಲ್ಲ. ಪಾಪ, ಎಷ್ಟು ದಿನ ಅಂತ ಒಳಗೇ ಕೂತಿರ್ತಾರೆ? ಯಾರಿಗೂ ಕಾಣದ ಹಾಗೆ ಒಂದು ದಾರಿ ಮಾಡಿದೀನಿ."

ಬಯ್ಯಬೇಕೆಂದಿದ್ದ ಮೇಸ್ತ್ರಿ ಅವರ ಮುಖ ನೋಡಿದ. ಎರಡು ತಿಂಗಳಿಂದ ಅದೇ ಕಿಟಕಿಯ ಬಳಿ ಕುಳಿತಿದ್ದ ಮುಖ. ಕೋಪ ಬರಲಿಲ್ಲ, ಅಳು ಮಾತ್ರ ಇನ್ನಷ್ಟು ಒತ್ತಿಕೊಂಡು ಬಂತು. ಅಳಲು ಕೂಡ ಅರ್ಧ ಮುಖವೇ ಕೆಲಸ ಮಾಡುತ್ತಿದ್ದದ್ದು.

ಹೋಗದೇ ಇರುವುದೇ ಮೇಲೆಂದು ಒಮ್ಮೆ ಅನ್ನಿಸಿತು. ಆದರೆ ಹೋಗದಿದ್ದರೆ ಕುರ್ಚಿ ಹೋಗುವುದು ಖಂಡಿತ. ಹೋದರೆ ಕಾಲು ಹಿಡಿದು ಕೇಳಿಕೊಂಡು ಇನ್ನೊಂದು ವಾರದ ಗಡುವನ್ನಾದರೂ ಪಡೆಯಬಹುದು. ಒಂದೇ ಚಪ್ಪಡಿಯಾದ ನೆಲಮಾಳಿಗೆಯನ್ನು ಒಬ್ಬನೇ ಹೊರುವ ಹಾಗಿರಲಿಲ್ಲ. ಓವರ್‌ಸಿಯರ್ ಒಂದು ಮೂಲೆ ಹಿಡಿದರು, ಡಾಕ್ಟರಮ್ಮ ಒಂದು. ನಾಲ್ಕನೆಯ ಮೂಲೆಗೆ ಅತ್ತೆ ಚಪ್ಪಲಿ ಹಾಕಿಕೊಂಡು ಬಂದರು.

"ಮಂಡಿ?" ಎಂದು ಮೇಸ್ತ್ರಿ ಸನ್ನೆಯಲ್ಲಿ ಕೇಳಿದ.

"ಹಿಡ್ಕೊಳ್ಳೋಕೆ ಏನಾದ್ರೂ ಇದ್ರೆ ಇಳೀತೀನಿ," ಎಂದರು ಅತ್ತೆ.

ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಚಪ್ಪಡಿಯನ್ನು ಓರೆ ಮಾಡಿ, ನಿಂತು, ಉಸಿರು ಬಿಟ್ಟು, ಮತ್ತೆ ಇಳಿದರು. ಬೀದಿಯಲ್ಲಿ ಜಿನುಗು ಹನಿ ಶುರುವಾಗಿತ್ತು. ಕನ್ನಡಕದ ಅಂಗಡಿಯ ಮುಂದೆ ಹಾಯುವಾಗ ಯಜಮಾನರು ಬಾಗಿಲಿಗೆ ಬಂದು, ಊದಿಕೊಂಡ ಕೆನ್ನೆಯನ್ನೂ ಗುಲಾಬಿ ಚಪ್ಪಡಿಯನ್ನೂ ಜೊತೆಗಿದ್ದ ಮೂವರನ್ನೂ ನೋಡಿ, ನೋವು ತಲೆಗೇರಿದೆ ಎಂದುಕೊಂಡು ಮರುಕದಿಂದ ಕೈಯೆತ್ತಿದರು.

ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಮ್ಮಿನ ಔಷಧಿಯ ಪೆಟ್ಟಿಗೆಗಳು ಸೂರಿನ ತನಕ ಪೇರಿಸಿದ್ದವು. ಮೇಜಿನ ಸುತ್ತ ನಾಲ್ಕು ಕುರ್ಚಿ, ಮೂಲೆಯಲ್ಲಿ ಸ್ಟೂಲು ಮತ್ತು ಒಲೆ. ದೊರೆ ರಟ್ಟಿನ ಮರೆಯ ಹಿಂದೆ ಕುಳಿತಿದ್ದ. ಆಟಗಾರರಾದ ಬಸ್ ಕಂಡಕ್ಟರ್ ಮತ್ತು ಲೈಬ್ರರಿಯ ಮೇಡಂ ತಮ್ಮ ಬೊಂಬೆಗಳನ್ನು ಒರೆಸುತ್ತಿದ್ದರು. ಚಪ್ಪಡಿ ಮೇಜಿನ ಮೇಲೆ ಕುಳಿತಿತು.

"ಏನಿದು ಮೇಸ್ತ್ರಿ?" ಎಂದ ದೊರೆ.

ಮೇಸ್ತ್ರಿ ಬಾಯಿಂದ ಹತ್ತಿ ತೆಗೆದು, ತೊದಲುತ್ತಾ, ಒಣಗದ ಬಣ್ಣದಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಕುರ್ಚಿ ಕೈಬಿಟ್ಟು ಹೋಗುವುದು ಆತನಿಗೇ ಕಾಣುತ್ತಿತ್ತು.

ಲೈಬ್ರರಿಯ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಅಂದ್ರೆ ಗುಂಡಿ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ವಾ?"

"ಇಲ್ಲ. ನಾನು ತೋಡಿದ್ದೆಲ್ಲ ಅಂಟಿನಲ್ಲಿ ಮುಚ್ಚಿಹೋಗಿದೆ."

"ಗುಪ್ತದಾರಿ?"

"ಅತ್ತೆಗೆ ಗೊತ್ತು. ನನಗೆ ಗೊತ್ತಿಲ್ಲ."

ಕಂಡಕ್ಟರ್ ಮೇಜು ಗುದ್ದಿದ. "ಹಾಗಾದ್ರೆ ಮೇಸ್ತ್ರಿ ಇವತ್ತೇ ಆಡಬಹುದಲ್ರೀ! ಗುಟ್ಟು ತಿಳಿದವನು ಆಡುವಂತಿಲ್ಲ. ಇವನಿಗೆ ಒಂದು ಗುಟ್ಟೂ ಗೊತ್ತಿಲ್ಲ!"

ದೊರೆ ಗಲ್ಲ ಕೆರೆದುಕೊಂಡ. "ನಿಯಮ ಅಂದ್ರೆ ನಿಯಮ," ಎಂದು ಒಪ್ಪಿಕೊಂಡ. "ಕೂತ್ಕೋ."

ಮೇಸ್ತ್ರಿ ಕುಳಿತ. ಸ್ಟೂಲಿನ ಕಡೆಯಿಂದ ಒಂಬತ್ತು ವರ್ಷ ನೋಡಿದ್ದ ಮೇಜು ಕುರ್ಚಿಯಿಂದ ಬೇರೆಯೇ ಆಗಿ ಕಂಡಿತು. ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಮೇಸ್ತ್ರಿ ಜೇಬಿನಿಂದ ಒಂದು ಬೊಂಬೆ ತೆಗೆದ. ಕೈಯಲ್ಲಿ ಲಾಟೀನು ಹಿಡಿದ ಸಣಕಲು ಯೋಧ, ಎಂದೋ ಬಣ್ಣ ಹಚ್ಚಿ ಮುಗಿಸಿದ್ದು, ಒಮ್ಮೆಯೂ ಮೇಜು ಮುಟ್ಟದ್ದು. ಅದನ್ನು ಹೆಬ್ಬಾಗಿಲ ಮುಂದೆ ನಿಲ್ಲಿಸಿದ. ಇಡೀ ದಿನದ ಸಂಕಟ ಸಾರ್ಥಕವಾಯಿತು ಅನ್ನಿಸಿತು.

ದೊರೆ ಈ ನೆಲಮಾಳಿಗೆಗೆಂದು ಹಾಕಿದ್ದ ನಕ್ಷೆಯ ಮಡಿಕೆ ಬಿಚ್ಚಿದ. ನಕ್ಷೆ ನೋಡಿದ, ಚಪ್ಪಡಿ ನೋಡಿದ, ಮತ್ತೆ ನಕ್ಷೆ ನೋಡಿದ. ನಿಧಾನವಾಗಿ ಅದನ್ನು ಮಡಿಸಿ ಕೆಳಗಿಟ್ಟ.

"ಇದು ನನಗೂ ಗೊತ್ತಿಲ್ಲವಲ್ಲ," ಎಂದ.

ದೊರೆ ಇನ್ನೊಂದು ಸಲ ಹೇಳಿದ. ಈ ಸಲ ದನಿ ಬೇರೆಯಾಗಿತ್ತು. "ನನಗೂ ಗೊತ್ತಿಲ್ಲ ಮೇಸ್ತ್ರಿ. ಯಾವ ಗುಂಡಿನೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಆಯ್ತು ಈ ರಟ್ಟಿನ ಹಿಂದೆ ಕೂತು. ನಿಮ್ಮನ್ನೆಲ್ಲ ಆಡಿಸಿದೀನಿ. ಒಂದೇ ಒಂದು ದಿನ ನಾನು ಆಡಿಲ್ಲ."

ಎತ್ತರದ, ಗಡಸು ದನಿಯ ಆ ಮನುಷ್ಯ ಮೇಸ್ತ್ರಿಯ ಕುರ್ಚಿಯನ್ನು ನೋಡಿದ. ಆ ನೋಟ ಮೇಸ್ತ್ರಿಗೆ ಚೆನ್ನಾಗಿ ಪರಿಚಯವಿತ್ತು. ಸ್ಟೂಲಿನ ಮೇಲೆ ಕುಳಿತು ತಾನು ಇಷ್ಟು ವರ್ಷ ನೋಡಿದ್ದು ಹಾಗೆಯೇ. ಒಳಗೆ ಇಳಿಯುವವರು ಮೂವರೇ. ಮೇಸ್ತ್ರಿಯ ಕಾಲು ತಾನಾಗಿ ಎದ್ದು ನಿಂತಿತು.

"ಬನ್ನಿ, ಕೂತ್ಕೊಳ್ಳಿ."

"ನನ್ನ ಹತ್ರ ಬೊಂಬೆ ಇಲ್ಲ," ಎಂದ ದೊರೆ, ಸಣ್ಣಗೆ.

"ಇದನ್ನೇ ತಗೊಳ್ಳಿ."

ದೊರೆಯ ಜಾಗದಲ್ಲಿ ಅತ್ತೆ ಕುಳಿತರು. ಅವರ ಎಡಬಲಕ್ಕೆ ಔಷಧಿ ಪೆಟ್ಟಿಗೆಗಳ ಮೇಲೆ ಓವರ್‌ಸಿಯರ್ ಮತ್ತು ಡಾಕ್ಟರಮ್ಮ. ಅತ್ತೆ ರಟ್ಟಿನ ಮೇಲಿನಿಂದ ಮೂವರನ್ನೂ ನೋಡಿ, "ಬಾಗಿಲ ಹತ್ರ ಬಂದಿದೀರಿ. ಒಳಗೆ ಕತ್ತಲೆ. ಬಾಗಿಲಿಗೆ ಹಲ್ಲಿದೆ. ಏನ್ಮಾಡ್ತೀರಿ?" ಎಂದರು. ಕಂಡಕ್ಟರನ ಮೈ ಜುಮ್ಮೆಂದಿತು. ಮೇಸ್ತ್ರಿ ಒಲೆಯ ಮೇಲೆ ನೀರಿಟ್ಟ.

ಅಂಥ ಆಟ ಆ ಕೋಣೆಯಲ್ಲಿ ನಡೆದಿರಲಿಲ್ಲ. ಗುಲಾಬಿ ಗೋಡೆಗಳ ನಡುವೆ ಯಾವ ಅಪಾಯ ಎಲ್ಲಿಂದ ಬರುತ್ತದೋ ಒಬ್ಬರಿಗೂ ಗೊತ್ತಾಗಲಿಲ್ಲ. ಎಂಟು ಗಂಟೆಗೆ ದೊರೆ ಚರಂಡಿಗೆ ಬಿದ್ದು ಸತ್ತ. ಸತ್ತವನು ಚಪ್ಪಾಳೆ ತಟ್ಟಿದ. ಮುರಿದ ಲಾಟೀನಿನ ಯೋಧನನ್ನು ಮೇಸ್ತ್ರಿಯ ಕೈಗೆ ಕೊಡುತ್ತಾ, "ಏನು ಚೆನ್ನಾಗಿ ಸತ್ತೆ ನೋಡು!" ಎಂದು ಕಣ್ಣೊರೆಸಿಕೊಂಡ. "ಇನ್ನೂ ಅರ್ಧ ನೋಡಿಲ್ಲ. ಗುಪ್ತದಾರಿ ಸಿಕ್ಕಿಲ್ಲ. ಮುಂದಿನ ಶನಿವಾರ ಇದನ್ನೇ ಮುಂದುವರಿಸೋಣ, ನಾನು ಇನ್ನೊಂದು ಬೊಂಬೆ ತರ್ತೀನಿ. ಕಂಡಕ್ಟರಿಗೆ ಅವತ್ತು ಡ್ಯೂಟಿ ಇದೆ, ಅವನ ಕುರ್ಚಿ ನಿಂದು ಮೇಸ್ತ್ರಿ. ಅಲ್ಲೀವರೆಗೆ ಗುಟ್ಟು ತಿಳ್ಕೊಳ್ಳದೆ ಇರು, ಅಷ್ಟು ಸಾಕು."

ಮೇಸ್ತ್ರಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಏಳೇ ದಿನ. ಒಂಬತ್ತು ವರ್ಷ ಕಾದವನಿಗೆ ಏಳು ದಿನ ಯಾವ ಲೆಕ್ಕ?

ಕೋಣೆಯಲ್ಲಿ ಅಷ್ಟು ದೊಡ್ಡ ಚಪ್ಪಡಿಗೆ ಜಾಗವಿರಲಿಲ್ಲ. ನಾಲ್ವರೂ ನಾಲ್ಕು ಮೂಲೆ ಹಿಡಿದು ಮನೆಯ ದಾರಿ ಹಿಡಿದರು. ಹನಿ ನಿಂತಿತ್ತು. ಅತ್ತೆ ಚಿಕ್ಕ ಹುಡುಗಿಯ ಹಾಗೆ ಹೆಜ್ಜೆ ಹಾಕುತ್ತಿದ್ದರು.

"ಅವರು ಆ ಕಂಬದ ಹತ್ರ ಮೂರು ಸಲ ಹೋದ್ರು ಕಣ್ರೀ, ಆದ್ರೂ ಗೊತ್ತಾಗ್ಲಿಲ್ಲ," ಎಂದು ನಕ್ಕರು ಅವರು.

"ಅತ್ತೆ, ನನಗೆ ಹೇಳ್ಬೇಡಿ!"

"ನಿಮ್ಮ ಹತ್ರ ಎಂಥಾ ಮುಚ್ಚುಮರೆ, ಮನೆಯವರೇ ಅಲ್ವಾ! ಆ ಕಂಬ ತಿರುಗಿಸಿದ್ರೆ ಹಿಂದೆ ದಾರಿ ಇದೆ ಅಳಿಯಂದಿರೇ, ನೇರ ಮೆಟ್ಟಿಲ ಕೆಳಕ್ಕೆ."

"ನನ್ನ ಚರಂಡೀಲಿ ಇನ್ನೂ ಎರಡು ಮುಚ್ಚಳ ಟೊಳ್ಳಿದೆ," ಎಂದರು ಓವರ್‌ಸಿಯರ್ ಹಿಂದಿನಿಂದ, ಇಡೀ ಬೀದಿಗೆ ಕೇಳುವ ಹಾಗೆ. "ಹೆಬ್ಬಾಗಿಲಿಂದ ನಾಲ್ಕನೇದು, ಏಳನೇದು."

"ಸಾರ್, ದಯವಿಟ್ಟು!"

"ನಾಳೆ ಒಳಗಿನ ಕೋಣೇಗೂ ಒಂದು ದವಡೆ ಕೂರಿಸ್ತೀನಿ," ಎಂದು ಡಾಕ್ಟರಮ್ಮ ಉತ್ಸಾಹದಿಂದ ಹೇಳತೊಡಗಿದರು. "ಎಲ್ಲಿ ಅಂದ್ರೆ..."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಕಿವಿಯನ್ನೂ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ನೆಲಮಾಳಿಗೆಯ ಒಂದು ಮೂಲೆ ಇತ್ತು.